ಗೀಟು ಬಿದ್ದ ಅಂಕಿಗಳು

ಅವರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವರು ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಒಬ್ಬ ನಿವೃತ್ತ ಕಂಪೌಂಡರು. "ನಿಮ್ಮ ಲ್ಯಾಬಪ್ಪ ಹೋದ್ರಂತೆ ಕಣ್ರೀ, ಗೊತ್ತಾಯ್ತಾ?" ಎಂದರು. ಯಾವಾಗ ಎಂದು ಕೇಳಿದೆ. "ಹೋದ ತಿಂಗಳೋ, ಅದರ ಹಿಂದಿನ ತಿಂಗಳೋ" ಎನ್ನುತ್ತಾ ಬಸ್ಸು ಹತ್ತಿಬಿಟ್ಟರು. ಸಾವಿನ ದಿನವನ್ನು ಇಷ್ಟು ಸಡಿಲವಾಗಿ ಹೇಳಿದ್ದನ್ನು ಲ್ಯಾಬಪ್ಪ ಕೇಳಿದ್ದರೆ ಒಪ್ಪುತ್ತಿರಲಿಲ್ಲ. ಗಂಟೆ ನಿಮಿಷ ಬರೆಯದ ಯಾವ ಸಂಗತಿಯನ್ನೂ ಅವರು ಸಂಗತಿಯೆಂದು ಹಿಡಿದವರಲ್ಲ.

ಆ "ನಿಮ್ಮ" ಎಂಬ ಮಾತು ದಾರಿಯುದ್ದಕ್ಕೂ ನನ್ನನ್ನು ಕಾಡಿತು. ಅವರು ನನ್ನವರಾಗಿರಲಿಲ್ಲ. ಕೆಲವು ತಿಂಗಳು ಅವರ ಮೇಲೆ ಕಣ್ಣಿಡುವುದು ನನಗೆ ಒಪ್ಪಿಸಿದ ಕೆಲಸವಾಗಿತ್ತು.

ಯಾವ ಊರಿನ ಆಸ್ಪತ್ರೆ ಎಂದು ಬರೆಯುವುದಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರರ ನಡುವೆ ಎಲ್ಲೋ ಒಂದು ಕಡೆ ಎಂದುಕೊಳ್ಳಿ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಅಲ್ಲಿ ಗುಮಾಸ್ತ. ಅವರು ರಕ್ತ, ಮೂತ್ರ, ಕಫ ಪರೀಕ್ಷೆ ಮಾಡುವ ಲ್ಯಾಬ್ ಟೆಕ್ನಿಷಿಯನ್. ಹಿರಿಯೂರಿನ ಕಡೆಯವರೆಂದು ಕೆಲವರು, ಮೈಸೂರಿನವರೆಂದು ಕೆಲವರು ಹೇಳುತ್ತಿದ್ದರು. ಅವರನ್ನು ಕೇಳಿದರೆ, "ಯಾಕಪ್ಪ, ಹೆಣ್ಣು ಕೊಡ್ತೀಯಾ?" ಎನ್ನುತ್ತಿದ್ದರು. ಹೆಂಡತಿ ಇದ್ದರು, ಮಕ್ಕಳಿರಲಿಲ್ಲ. ಮೊದಲು ಯಾವುದೋ ದೊಡ್ಡ ಊರಿನ ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ ಮಾಡಿ ಬಂದಿದ್ದರು. ಅಲ್ಲಿಂದ ಇಲ್ಲಿಗೆ ಯಾಕೆ ಬಂದರು ಎಂಬುದೇ ನಮ್ಮೆಲ್ಲರ ಮೊದಲ ಅನುಮಾನ.

ನನ್ನ ನೆನಪಿನಲ್ಲಿ ಅವರು ಕನ್ನಡಕ ಹಾಕಿದ್ದಾರೆ. ಕನ್ನಡಕ ಇರಲೇ ಇಲ್ಲ ಎನ್ನುತ್ತಾಳೆ ನನ್ನ ತಂಗಿ. ಅವಳ ಮಾತೇ ಸರಿಯಿರಬಹುದು. ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಕೂತ ಮನುಷ್ಯನಿಗೆ ನಾನೇ ಆಮೇಲೆ ಕನ್ನಡಕ ತೊಡಿಸಿರಬಹುದು. ಆದರೆ ಅವರ ಹೆಬ್ಬೆರಳಿನ ಬಗ್ಗೆ ಅನುಮಾನವಿಲ್ಲ. ಗಾಜಿನ ಮೇಲೆ ಬಳಿದ ರಕ್ತದ ಲೇಪಕ್ಕೆ ಹಾಕುವ ಬಣ್ಣ ಅಲ್ಲಿ ಹತ್ತಿ, ಉಗುರಿನ ಸುತ್ತ ನೇರಳೆ ಬಣ್ಣ ಕಾಯಂ ಆಗಿತ್ತು. ಆ ಬೆರಳಿನಿಂದಲೇ ಅವರು ನಮ್ಮ ಹಾಜರಿ ಪುಸ್ತಕದಲ್ಲಿ ಸಹಿ ಮಾಡುವ ಜಾಗವನ್ನು ತೋರಿಸಿ, "ಒಂಬತ್ತು ಗಂಟೆ ಅಂತ ಬರ್ದಿದೀಯಲ್ಲ, ಯಾರ ಗಡಿಯಾರದಲ್ಲಿ?" ಎಂದು ಕೇಳುತ್ತಿದ್ದರು. ಆಸ್ಪತ್ರೆಯ ಗಡಿಯಾರ ನಾಲ್ಕು ನಿಮಿಷ ಹಿಂದೆ ಎಂಬುದು ಅವರ ವಾದ. ಎದುರಿನ ಹೋಟೆಲಿನಲ್ಲಿ ಕೂತರೆ ನೀರಿನ ಲೋಟವನ್ನು ಬೆಳಕಿಗೆ ಹಿಡಿಯುತ್ತಿದ್ದರು. "ಕುದಿಸಿದ್ದಾ?" "ಕುದಿಸಿದ್ದೇ ಸಾರ್." "ಎಷ್ಟು ಹೊತ್ತು?" "ಹತ್ತು ನಿಮಿಷ." "ಯಾರು ನೋಡಿದ್ರು?" ಹೋಟೆಲಿನವನಿಗೆ ಅದು ದಿನದ ತಮಾಷೆ. ಕೊನೆಕೊನೆಗೆ ಅವರು ಒಳಗೆ ಬರುವಾಗಲೇ, "ನಾನೇ ನೋಡ್ದೆ ಸಾರ್, ಕಣ್ಣಾರೆ" ಎಂದು ಕೂಗುತ್ತಿದ್ದ.

ಜನ ನಗದೆ ಮಾತಾಡಿಕೊಂಡಿದ್ದು ಬೇರೆಯದನ್ನು. ಈ ಮನುಷ್ಯ ಕೂಸಿನ ಕಾಲು ಮೂಸುತ್ತಾನೆ.

ಅದು ನಿಜ, ನಾನೇ ನೋಡಿದ್ದೇನೆ. ಹೆರಿಗೆ ವಾರ್ಡಿನಲ್ಲಿ ಎರಡು ಮೂರು ದಿನದ ಮಗುವಿನ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಳ್ಳುತ್ತಿದ್ದರು. ಆಮೇಲೆ ಬೆಚ್ಚಗಿನ ನೀರು, ಸೋಪು ತರಿಸಿ ಕಾಲು ತೊಳೆಯುತ್ತಿದ್ದರು. ಒರೆಸಿ ಮತ್ತೆ ಮೂಸುತ್ತಿದ್ದರು. ಎಷ್ಟೋ ಸಲ ಇನ್ನೊಮ್ಮೆ ತೊಳೆಯುತ್ತಿದ್ದರು. ನಮ್ಮ ಸೀಮೆಯಲ್ಲಿ ಹುಟ್ಟಿದ ಕೂಸಿಗೆ ನೆತ್ತಿಯಿಂದ ಅಂಗಾಲಿನವರೆಗೆ ಕೊಬ್ಬರಿ ಎಣ್ಣೆ. ಆಸ್ಪತ್ರೆಯಲ್ಲಿ ಹೆತ್ತರೂ ಅಜ್ಜಿಯರು ಮನೆಯ ಗಾಣದ ಎಣ್ಣೆಯನ್ನು ಸೀಸೆಯಲ್ಲಿ ತಂದು ಹಾಸಿಗೆಯ ಕೆಳಗೆ ಇಟ್ಟುಕೊಂಡಿರುತ್ತಿದ್ದರು. ಅಂಥ ಕಾಲಿಗೆ ಸೂಜಿ ಚುಚ್ಚಿದರೆ ಹನಿ ಗುಂಡಗೆ ನಿಲ್ಲುವುದಿಲ್ಲ, ಜಾರಿ ಹರಡುತ್ತದೆ. ಗಾಜಿನ ಮೇಲೆ ಬಳಿದರೆ ಲೇಪದ ತುಂಬ ತೂತು. ಸ್ಪಿರಿಟ್ಟಿನ ಹತ್ತಿ ತಿಕ್ಕಿದರೆ ಎಣ್ಣೆ ಹೋಯಿತೆಂದು ಕಣ್ಣು ಹೇಳುತ್ತದೆ, ಮೂಗು ಮಾತ್ರ ಇನ್ನೂ ಇದೆ ಎನ್ನುತ್ತದೆ ಎಂಬುದು ಅವರ ಲೆಕ್ಕ. ಈ ವಿವರಣೆ ನನಗೆ ಸಿಕ್ಕಿದ್ದು ಬಹಳ ತಡವಾಗಿ. ಅಷ್ಟರಲ್ಲಿ ಮೂಗರ್ಜಿ ಬಂದಾಗಿತ್ತು.

ಸಹಿ ಇಲ್ಲದ ಆ ಅರ್ಜಿಯಲ್ಲಿ ಮೂರು ಆರೋಪಗಳಿದ್ದವು. ಸದರಿ ನೌಕರರು ಹಸುಗೂಸುಗಳ ರಕ್ತವನ್ನು ವಿನಾಕಾರಣ ತೆಗೆಯುತ್ತಾರೆ. ತೆಗೆದ ರಕ್ತವನ್ನು ಸೀಸೆಯಲ್ಲಿ ತುಂಬಿ ಬೆಂಗಳೂರಿಗೆ ಸಾಗಿಸುತ್ತಾರೆ. ಆರೋಗ್ಯವಾಗಿರುವ ಮಕ್ಕಳಿಗೆ ಕಾಯಿಲೆ ಇದೆಯೆಂದು ಸುಳ್ಳು ಬರೆದು ಭಯ ಹುಟ್ಟಿಸುತ್ತಾರೆ. ಎರಡನೆಯದಕ್ಕೆ ಸಾಕ್ಷಿಗಳು ಬೇಕಾದಷ್ಟು ಮಂದಿ. ಬೆಳಗಿನ ಬಸ್ಸಿನ ಕಂಡಕ್ಟರನ ಕೈಗೆ ಅವರು ಬಟ್ಟೆ ಸುತ್ತಿದ ಸಣ್ಣ ಸೀಸೆ ಕೊಡುವುದನ್ನು ಇಡೀ ಬಸ್ ಸ್ಟ್ಯಾಂಡು ನೋಡುತ್ತಿತ್ತು.

"ಏನ್ ಲ್ಯಾಬಪ್ಪ, ಇವತ್ತೂ ರಕ್ತವಾ?"

"ಎಂಜಿನ್ ಮೇಲೆ ಇಡ್ಬ್ಯಾಡ ಕಣಪ್ಪ, ಬೆಂದೋಗ್ತದೆ."

"ಇಡಾಕಿಲ್ಲ ಬುಡಿ. ತೊಡೆ ಮೇಲೆ ಮಲಗಿಸ್ಕಂಡೇ ಹೋಯ್ತೀನಿ."

ಸೀಸೆಯಲ್ಲಿ ಇರುತ್ತಿದ್ದುದು ಮಾಂಸದ ತಿಳಿಸಾರಿನಂಥ ದ್ರವ. ಅದರೊಳಗೆ ಮಗುವಿನ ಸ್ವಲ್ಪ ರಕ್ತ ಬಿಟ್ಟು ಕಾವಿನಲ್ಲಿಟ್ಟರೆ, ರಕ್ತದಲ್ಲಿ ರೋಗಾಣು ಇದ್ದ ಪಕ್ಷದಲ್ಲಿ ಬೆಳೆಯುತ್ತದೆ. ನಮ್ಮಲ್ಲಿ ಅದಕ್ಕೆ ಸೌಕರ್ಯ ಇರಲಿಲ್ಲ, ಬೆಂಗಳೂರಿನಲ್ಲಿತ್ತು. ಮಾಂಸದ ಸಾರು ಎಂದು ಗೊತ್ತಾದ ಮೇಲೆ ನಮ್ಮ ಜವಾನ ಸೀಸೆ ಮುಟ್ಟುವುದನ್ನು ಬಿಟ್ಟ. ಹಾಗಾಗಿ ಅವರೇ ಬಸ್ ಸ್ಟ್ಯಾಂಡಿಗೆ ನಡೆದುಹೋಗುತ್ತಿದ್ದರು.

ಆಸ್ಪತ್ರೆಯ ದೊಡ್ಡ ಡಾಕ್ಟರು ನನ್ನನ್ನು ಕರೆದು ಅರ್ಜಿಯನ್ನು ಮೇಜಿನ ಮೇಲೆ ಸರಿಸಿದರು. "ಅವರಿಗೆ ಗೊತ್ತಾಗದ ಹಾಗೆ ರಿಜಿಸ್ಟರ್ ನೋಡ್ರೀ. ಸುಮ್ನೆ ಹೋಗಿ ಕೂತ್ಕೊಂಡು ಬನ್ನಿ ಲ್ಯಾಬಲ್ಲಿ. ಏನು ಅಂತ ಒಂದು ಕಾಗದ ಬರ್ದು ಕೊಡಿ." ನನಗೆ ಆಗ ಇಪ್ಪತ್ತನಾಲ್ಕು ವರ್ಷ. ನನ್ನನ್ನು ನಂಬಿ ಒಪ್ಪಿಸಿದ ಮೊದಲ ಗುಟ್ಟಿನ ಕೆಲಸ. ಹೆಮ್ಮೆಯಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗಿತ್ತು.

ರಿಜಿಸ್ಟರಿನಲ್ಲಿ ನನಗೆ ಬೇಕಾದ್ದು ಮೊದಲ ದಿನವೇ ಸಿಕ್ಕಿತು. ದೊಡ್ಡವರ ಪರೀಕ್ಷೆಗಳ ಮುಂದೆ ಒಂದೊಂದೇ ಅಂಕಿ. ಹಸುಗೂಸುಗಳ ಮುಂದೆ ಮಾತ್ರ ಎರಡೆರಡು. ಅವುಗಳಲ್ಲಿ ಒಂದರ ಮೇಲೆ ಸ್ಕೇಲಿಟ್ಟು ಎಳೆದ ಕೆಂಪು ಗೀಟು. ಪುಟ ತಿರುವಿದ ಹಾಗೆ ಒಂದು ಕ್ರಮ ಕಂಡಿತು: ಗೀಟು ಬಿದ್ದದ್ದು ಯಾವಾಗಲೂ ಒಳ್ಳೆಯ ಅಂಕಿಯ ಮೇಲೆ. ಉಳಿದದ್ದು ಕೆಟ್ಟದ್ದು. ಒಂದು ಕಡೆಯೂ "ನಾರ್ಮಲ್" ಎಂಬ ಪದ ಇರಲಿಲ್ಲ. ಚೆನ್ನಾಗಿದ್ದ ಮಕ್ಕಳ ಮುಂದೆ ಕೂಡ "ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಕಾಣಲಿಲ್ಲ" ಎಂದಷ್ಟೇ.

ಮಧ್ಯಾಹ್ನ ಟೀ ಕುಡಿಯುವ ನೆಪದಲ್ಲಿ ಅವರ ಕೋಣೆಗೆ ಹೋಗಿ ಕೂರತೊಡಗಿದೆ. ಗೋಡೆಯೊಳಗೆ ಹುಗಿದ ಒಂದು ಕಲ್ಲು ಚಪ್ಪಡಿಯಿತ್ತು. ಅದರ ಮೇಲೆ ಮೇಣದ ಉಂಡೆ, ಮೇಣಕ್ಕೆ ಚುಚ್ಚಿ ನೆಟ್ಟಗೆ ನಿಲ್ಲಿಸಿದ ಸಪೂರ ಗಾಜಿನ ನಳಿಗೆಗಳು. ಹಿಮ್ಮಡಿಯಿಂದ ತೆಗೆದ ರಕ್ತವನ್ನು ಅದರಲ್ಲಿ ತುಂಬಿ ಒಂದು ಗಂಟೆ ಬಿಟ್ಟರೆ ಕೆಂಪು ಕೆಳಕ್ಕಿಳಿದು ಮೇಲೆ ತಿಳಿ ನಿಲ್ಲುತ್ತದೆ. ಒಳಗೆ ಸೋಂಕಿದ್ದರೆ ಬೇಗ ಇಳಿಯುತ್ತದೆ. ಹದಿನೈದು ಮಿಲಿಮೀಟರ್ ದಾಟಿದರೆ ಅನುಮಾನ. ಮೇಜಿನ ಮೇಲೆ ಇಡುವಂತಿಲ್ಲ, ಕೊಬ್ಬರಿ ಲಾರಿ ರಸ್ತೆಯಲ್ಲಿ ಹೋದರೆ ಮೇಜು ನಡುಗುತ್ತದೆ ಎಂದು ಅವರೇ ಗೋಡೆ ಒಡೆಸಿ ಚಪ್ಪಡಿ ಕೂರಿಸಿದ್ದರು. ಆ ಒಂದು ಗಂಟೆ ಬಾಗಿಲು ಬಡಿಯುವಂತಿಲ್ಲ, ಫ್ಯಾನು ಹಾಕುವಂತಿಲ್ಲ. ನಾನು ಕಾಲು ಅಲ್ಲಾಡಿಸಿದರೂ ಅವರ ಕಣ್ಣು ನನ್ನ ಮೊಣಕಾಲಿನ ಮೇಲೆ ಬೀಳುತ್ತಿತ್ತು. ಕಾಯುವಾಗ ಗಾಜಿನ ಲೇಪ ನೋಡುತ್ತಾ ರಕ್ತದ ಬಿಳಿ ಕಣಗಳನ್ನು ಎಣಿಸುತ್ತಿದ್ದರು.

"ಏನು ಸಾರ್ ಎಣಿಸೋದು?"

"ಎಳೇವು ಎಷ್ಟು, ಬಲಿತವು ಎಷ್ಟು ಅಂತ. ನಿಮ್ಮ ತೋಟದಲ್ಲಿ ಕಾಯಿ ಯಾವಾಗ ಕೀಳ್ತೀರ?"

"ಬಲಿತ ಮೇಲೆ."

"ಲಾರಿ ಬಾಗಿಲಿಗೆ ಬಂದು ನಿಂತದೆ. ಬಲಿತ ಕಾಯಿ ಮುಗಿದೋಗಿದೆ. ಆಗ?"

"ಎಳನೀರೇ ಕೀಳ್ಬೇಕಾಗ್ತದೆ."

"ಅದೇ ಕಣಪ್ಪ. ರಕ್ತದಲ್ಲಿ ಎಳೇವು ಜಾಸ್ತಿ ಕಂಡ್ರೆ, ಒಳಗೆ ಯಾವುದೋ ಲಾರಿ ಬಂದು ನಿಂತದೆ. ಕೂಸು ಅಳಾಕಿಲ್ಲ, ಜ್ವರ ಬರಾಕಿಲ್ಲ. ಹಾಲು ಕುಡಿಯೋದು ಬುಡ್ತದೆ, ಅಷ್ಟೇ. ತಾಯಿ ನಿದ್ದೆ ಮಾಡ್ತಿದೆ ಅನ್ಕೋತಾಳೆ."

ಈ ಮಾತುಕತೆ ಇಷ್ಟು ಅಚ್ಚುಕಟ್ಟಾಗಿ ನಡೆದಿರಲಾರದು. ನಡುವೆ ಟೀ ಬಂದಿರಬೇಕು, ಯಾರೋ ಮೂತ್ರದ ಸೀಸೆ ಹಿಡಿದು ಒಳಗೆ ಇಣುಕಿರಬೇಕು. ಆದರೆ ಎಳನೀರಿನ ಹೋಲಿಕೆ ಅವರದೇ, ನಾನು ಕಟ್ಟಿದ್ದಲ್ಲ. ಆಗ ಅದು ನನಗೆ ಹಿಡಿಸಿತು, ಹಿಡಿಸಿದ್ದರಿಂದಲೇ ಅನುಮಾನ ಹೆಚ್ಚಿತು. ಇಷ್ಟು ಚೆನ್ನಾಗಿ ವಿವರಿಸುವವನಿಗೆ ಯಾರನ್ನಾದರೂ ನಂಬಿಸುವುದು ಕಷ್ಟವಲ್ಲ ಎನಿಸಿತು.

ಕೊನೆಗೊಂದು ದಿನ ಕೇಳಿಯೇಬಿಟ್ಟೆ. "ಒಳ್ಳೇ ಅಂಕಿ ಯಾಕೆ ಸಾರ್ ಹೊಡೆದು ಹಾಕ್ತೀರ?"

ರಿಜಿಸ್ಟರ್ ನೋಡಿದ್ದೇನೆಂದು ಅವರಿಗೆ ಆಗ ಗೊತ್ತಾಗಿರಬೇಕು. ಏನೂ ತೋರಗೊಡಲಿಲ್ಲ. ಉತ್ತರವನ್ನು ಒಂದೇ ಸಲಕ್ಕೆ ಕೊಡಲೂ ಇಲ್ಲ. ಎರಡು ಮೂರು ವಾರಗಳಲ್ಲಿ ತುಂಡು ತುಂಡಾಗಿ ಹೇಳಿದರು. ಹೊಲಿದವನು ನಾನು, ಹೊಲಿಗೆ ಕಂಡರೆ ಅದು ನನ್ನದು. ನಮ್ಮಲ್ಲಿಗೆ ಬಂದ ಹೊಸತರಲ್ಲಿ ದಬ್ಬೇಘಟ್ಟದ ಕಡೆಯ ಒಂದು ಹೆಣ್ಣುಕೂಸು. ಹಿಮ್ಮಡಿಗೆ ಬರೀ ಸ್ಪಿರಿಟ್ ತಿಕ್ಕಿ ರಕ್ತ ತೆಗೆದರು. ಎಣ್ಣೆ ಇತ್ತು. ಲೇಪ ತೂತುತೂತಾಗಿ ಬಂತು. ತೂತಿನ ಅಂಚಿನಲ್ಲಿ ಕಂಡ ಕಣಗಳನ್ನಷ್ಟೇ ಎಣಿಸಿ "ನಾರ್ಮಲ್" ಎಂದು ಬರೆದುಕೊಟ್ಟರು. ಮಗುವನ್ನು ಮನೆಗೆ ಕಳಿಸಿದರು. ಮಾರನೆಯ ದಿನ ಅದು ಸತ್ತಿತು.

"ತೂತಲ್ಲಿ ಏನಿತ್ತು ಅಂತ ನಾನು ನೋಡ್ಲಿಲ್ಲ" ಎಂದರು. "ಕಂಡಿದ್ದನ್ನ ಬರ್ದೆ. ಕಾಣದೇ ಇದ್ದಿದ್ದನ್ನ ಇಲ್ಲ ಅಂತ ಬರ್ದೆ. ಎರಡು ಒಂದೇ ಅಲ್ಲ." ಅಂದಿನಿಂದ ಎರಡೂ ಹಿಮ್ಮಡಿ, ಎರಡು ನಳಿಗೆ, ಎರಡು ಲೇಪ. ಎರಡೂ ಬೇರೆ ಬೇರೆ ಹೇಳಿದರೆ ಕೆಟ್ಟದ್ದು ಉಳಿಯಬೇಕು.

"ಹಂಗಾದ್ರೆ ಚೆನ್ನಾಗಿರೋ ಕೂಸಿಗೂ ಸೂಜಿ ಬೀಳ್ತದಲ್ಲ ಸಾರ್?"

"ಬೀಳ್ತದೆ."

ಅಷ್ಟೇ. ಕ್ಷಮೆಯ ದನಿಯೂ ಇರಲಿಲ್ಲ, ಸಮರ್ಥನೆಯೂ ಇರಲಿಲ್ಲ. ನಾನು ಹೊರಗೆ ಬಂದು ಕಾಗದ ಬರೆದೆ. ದಬ್ಬೇಘಟ್ಟದ ಕೂಸಿನ ವಿಷಯ ಸೇರಿಸಲಿಲ್ಲ, ಅದು ಗುಟ್ಟಾಗಿ ಹೇಳಿದ್ದು ಎಂದುಕೊಂಡೆ. ಅದನ್ನು ಬಿಟ್ಟ ಮೇಲೆ ಉಳಿದದ್ದು ಇಷ್ಟು: ಸದರಿಯವರು ಹಸುಗೂಸುಗಳ ವಿಷಯದಲ್ಲಿ ಸಹಜವಾದ ಅಂಕಿಗಳನ್ನು ಹೊಡೆದುಹಾಕಿ ಅಸಹಜವಾದವನ್ನು ಉಳಿಸುವ ಪದ್ಧತಿ ಇಟ್ಟುಕೊಂಡಿರುತ್ತಾರೆ, ಅವರ ವರದಿಗಳನ್ನು ಅವಲಂಬಿಸುವುದು ಸೂಕ್ತವಲ್ಲ. ಒಂದೊಂದು ಪದವೂ ನಿಜ. ದೊಡ್ಡ ಡಾಕ್ಟರು ಓದಿ ಡ್ರಾಯರಿನೊಳಗೆ ಹಾಕಿದರು.

ಅದಾದ ಹದಿನೈದು ದಿನಕ್ಕೆ ನನ್ನ ತಂಗಿಗೆ ಅದೇ ಆಸ್ಪತ್ರೆಯಲ್ಲಿ ಚೊಚ್ಚಲ ಹೆರಿಗೆಯಾಯಿತು. ಗಂಡು ಕೂಸು.

ಮೂರು ದಿನ ಎಲ್ಲವೂ ಚೆನ್ನಾಗಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಕೂಸು ಮೊಲೆ ಹಿಡಿಯಲಿಲ್ಲ. "ಹೊಟ್ಟೆ ತುಂಬಿರಬೇಕು, ಮಲಗಲಿ" ಎಂದಳು ಅವ್ವ. ಮಧ್ಯಾಹ್ನವೂ ಹಿಡಿಯಲಿಲ್ಲ. ದೊಡ್ಡ ಡಾಕ್ಟರು ಬಂದು ನೋಡಿದರು, ಜ್ವರ ಇರಲಿಲ್ಲ. ಪಾದ ಸ್ವಲ್ಪ ತಣ್ಣಗಿತ್ತು, ಅಷ್ಟೇ. "ನಾಳೆ ಮನೆಗೆ ಹೋಗಬಹುದು" ಎಂದರು. ಲ್ಯಾಬಿನವರನ್ನು ಕರೆದವರು ಯಾರೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ನರ್ಸ್ ಇರಬಹುದು. ನಾನಂತೂ ಅಲ್ಲ.

ಅವರು ಬಂದವರೇ ಬಟ್ಟೆ ಬಿಚ್ಚಿ ಹೊಕ್ಕುಳು ನೋಡಿದರು. ಸುತ್ತಲೂ ಕಪ್ಪಗಿತ್ತು. ತೆಂಗಿನ ಚಿಪ್ಪು ಸುಟ್ಟ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಅವ್ವ ಹಚ್ಚಿದ್ದಳು. ಬೇಗ ಒಣಗಿ ಉದುರಲಿ ಎಂದು. ನನಗೂ, ತಂಗಿಗೂ ಹಾಗೆಯೇ ಹಚ್ಚಿದ್ದಳಂತೆ.

"ಯಾರಮ್ಮ ಇದನ್ನ ಹಚ್ಚಿದ್ದು?"

"ನಾನೇ ಕಣಪ್ಪ. ಯಾಕೆ?"

ಅವರು ಕಾಲು ತೊಳೆಯಲು ನೀರು ಕೇಳಿದರು. ಸೂಜಿ ಕಂಡು ಅವ್ವ ಕೂಸನ್ನು ಎತ್ತಿಕೊಂಡಳು. "ಇನ್ನೂ ಹೆಸರೇ ಇಟ್ಟಿಲ್ಲ ನಮ್ಮ ಕೂಸಿಗೆ. ಯಾರ ಹೆಸರಲ್ಲಿ ರಕ್ತ ಬರ್ಕೊತೀಯ?"

"ತಾಯಿ ಹೆಸರಲ್ಲಿ ಬರ್ಕೊತೀನಿ. ಕೊಡಮ್ಮ."

"ನನ್ನ ಮಗ ಇಲ್ಲೇ ಆಫೀಸಲ್ಲಿದಾನೆ. ಅವನು ಹೂಂ ಅನ್ನಲಿ."

ಎಲ್ಲರೂ ನನ್ನ ಕಡೆ ನೋಡಿದರು. ನಾನು "ಕೊಡವ್ವ" ಎಂದೆ. ಬರೀ ಪರೀಕ್ಷೆ ತಾನೆ, ಅದರಿಂದ ಏನಾಗುತ್ತದೆ ಎಂದು. ಅದರ ಜೊತೆಗೆ, ಅವರು ಗೀಟು ಎಳೆಯುವುದನ್ನು ಈ ಸಲ ಎದುರಿಗೇ ನೋಡಬಹುದು ಎಂಬ ಆಸೆಯೂ ಇತ್ತು. ಆ ಆಸೆಯನ್ನು ಇಷ್ಟು ವರ್ಷ ಈ ಕಥೆಯಿಂದ ಹೊರಗಿಟ್ಟಿದ್ದೆ.

ಬೆಂಗಳೂರಿನ ಸೀಸೆಗೂ ಸ್ವಲ್ಪ ರಕ್ತ ತೆಗೆದರು. ಒಂದು ಗಂಟೆ ಚಪ್ಪಡಿಯ ಮುಂದೆ ಕೂತೆ. ಎಡಗಾಲಿನ ನಳಿಗೆಯಲ್ಲಿ ಆರು, ಬಲಗಾಲಿನದರಲ್ಲಿ ಹದಿನಾರು. ಒಂದೇ ಮಗು, ಒಂದೇ ಹೊತ್ತು, ಒಂದೇ ಕೈ. ಅವರು ಎರಡನ್ನೂ ಕಿಟಕಿಗೆ ಹಿಡಿದು ನೋಡಿದರು. ಸ್ಕೇಲು ತೆಗೆದುಕೊಂಡು ಆರರ ಮೇಲೆ ಕೆಂಪು ಗೀಟು ಎಳೆದರು.

"ಯಾಕೆ ಸಾರ್?"

"ಗಾಳಿಗುಳ್ಳೆ ಇದೆ ಇದ್ರಲ್ಲಿ. ಗುಳ್ಳೆ ಇದ್ರೆ ಇಳಿಯಾಕಿಲ್ಲ."

ನಳಿಗೆ ಇಸಿದುಕೊಂಡು ನೋಡಿದೆ. ನನಗೆ ಗುಳ್ಳೆ ಕಾಣಲಿಲ್ಲ. ಆಮೇಲೆ ಅವರು ಲೇಪ ಎಣಿಸಿ, ನೂರಕ್ಕೆ ಇಪ್ಪತ್ತೆರಡು ಎಳೆಯ ಕಣ ಎಂದು ಬರೆದರು. ಅದನ್ನು ನಾನು ನೋಡಿಯೂ ಹೌದು ಅಲ್ಲ ಎನ್ನಲಾರೆ. ನನಗೆ ಎಲ್ಲವೂ ಒಂದೇ ತರಹ ನೇರಳೆ ಚುಕ್ಕೆಗಳು.

ಚೀಟಿ ಹಿಡಿದು ಇಬ್ಬರೂ ದೊಡ್ಡ ಡಾಕ್ಟರ ಕೋಣೆಗೆ ಹೋದೆವು. ಡಾಕ್ಟರು ಚೀಟಿ ಓದಿದರು. ಡ್ರಾಯರ್ ಎಳೆದು ನನ್ನ ಕಾಗದ ತೆಗೆದು ಚೀಟಿಯ ಪಕ್ಕದಲ್ಲಿಟ್ಟರು.

"ಇವರ ವರದಿ ನಂಬಬೇಡಿ ಅಂತ ಬರ್ದು ಕೊಟ್ಟವರು ನೀವು. ಈಗ ನಿಮ್ಮ ತಂಗಿ ಮಗುವಿನ ವರದಿ ತಂದಿದೀರಿ. ಏನು ಮಾಡ್ಲಿ ಹೇಳ್ರೀ."

ಲ್ಯಾಬಿನವರು ನನ್ನ ಪಕ್ಕದಲ್ಲೇ ನಿಂತಿದ್ದರು. ಕಾಗದದ ವಿಷಯ ಅವರಿಗೆ ಗೊತ್ತಾಗಿದ್ದು ಆ ಗಳಿಗೆಯಲ್ಲಿ. ನಾನು ಅವರ ಕಡೆ ತಿರುಗಲಿಲ್ಲ.

ಡಾಕ್ಟರು ಮುಂದುವರಿಸಿದರು. "ಸೋಂಕು ರಕ್ತಕ್ಕೆ ಹೋಗಿದ್ರೆ ಎರಡು ತರಹ ಇಂಜೆಕ್ಷನ್ ಹತ್ತು ದಿನ ಹಾಕ್ಬೇಕು. ಅದರಲ್ಲಿ ಒಂದು ಕಿವಿಗೆ ಕೆಟ್ಟದ್ದು. ಕೆಲವು ಮಕ್ಕಳಿಗೆ ಕಿವಿ ಹೋಗ್ತದೆ. ಹಾಕದೆ ಬಿಟ್ಟು, ಇವರು ಹೇಳಿದ್ದು ನಿಜ ಆದ್ರೆ, ಮಗೂನೇ ಹೋಗ್ತದೆ. ಬೆಂಗಳೂರಿಂದ ಉತ್ತರ ಬರೋಕೆ ಎಂಟು ಹತ್ತು ದಿನ. ಮಗುವಿನ ಅಪ್ಪ ಊರಲ್ಲಿಲ್ಲ. ನೀವೇ ಹೇಳಿ."

"ಹಾಕಿ ಸಾರ್" ಎಂದೆ.

ನಂಬಿಕೆಯಿಂದ ಹೇಳಿದ್ದಲ್ಲ. ಆರನ್ನು ಹಿಡಿದುಕೊಂಡು ಸುಮ್ಮನಿದ್ದು ಕೂಸು ಸತ್ತರೆ ನನ್ನ ಕಾಗದವೇ ಕೊಂದಂತಾಗುತ್ತಿತ್ತು. ಅಷ್ಟೇ ಹೊಳೆದದ್ದು. ವಾರ್ಡಿಗೆ ಬಂದು ಅವ್ವನಿಗೂ, ತಂಗಿಗೂ ಹೇಳಿದ್ದು ಬೇರೆ: "ಲ್ಯಾಬಿನವರು ರಕ್ತದಲ್ಲಿ ಕೆಟ್ಟದ್ದು ಕಂಡವರೆ. ಇಂಜೆಕ್ಷನ್ ಹಾಕ್ಲೇಬೇಕು ಅಂತ ಅವರೇ ಹೇಳಿದ್ರು." ಕಿವಿಯ ಮಾತನ್ನು ಎತ್ತಲೇ ಇಲ್ಲ.

ಚುಚ್ಚತೊಡಗಿದ ಮೂರನೆಯ ದಿನ ಕೂಸು ಮೊಲೆ ಹಿಡಿಯಿತು. ಇಂಜೆಕ್ಷನ್ನಿನಿಂದಲೋ, ಹೇಗೂ ಹಿಡಿಯುತ್ತಿತ್ತೋ. ಒಂಬತ್ತನೆಯ ದಿನ ಬೆಂಗಳೂರಿನ ಕಾಗದ ಬಂತು: ಬೆಳವಣಿಗೆ ಇಲ್ಲ. ಅಂದರೆ ಸೀಸೆಯಲ್ಲಿ ಯಾವ ರೋಗಾಣುವೂ ಬೆಳೆಯಲಿಲ್ಲ. ನಾನು ಅದನ್ನು ಅವರ ಮುಂದೆ ಇಟ್ಟೆ.

"ಬೆಳೀಲಿಲ್ಲ ಅಂದ್ರೆ ಇರ್ಲಿಲ್ಲ ಅಂತ ಅಲ್ಲ. ಹಸುಗೂಸಿಂದ ಎಷ್ಟು ರಕ್ತ ತೆಗೆಯೋಕಾಗ್ತದೆ? ಬಸ್ಸಲ್ಲಿ ಬಿಸಿಲಿತ್ತು."

"ಬೆಳೆದಿದ್ರೆ ಇತ್ತು ಅಂತಿದ್ರಿ. ಬೆಳೀಲಿಲ್ಲ, ಆದರೂ ಇತ್ತು ಅಂತೀರ."

"ಇತ್ತು ಅಂತ ನಾನೆಲ್ಲಿ ಬರ್ದೆ? ಅನುಮಾನ ಅಂತ ಬರ್ದೆ."

ಯಾವ ಉತ್ತರ ಬಂದರೂ ಅವರ ಮಾತು ಸುಳ್ಳಾಗುವುದಿಲ್ಲ. ಅಂಥವರ ಮುಂದೆ ನಿಲ್ಲುವುದು ಕಷ್ಟ. ಅವರನ್ನು ಮೆಚ್ಚಬೇಕೋ ಹಿಡಿದು ಅಲ್ಲಾಡಿಸಬೇಕೋ ತಿಳಿಯದೆ ವಾಪಸು ಬಂದೆ. ನನ್ನ ಕಾಗದದ ಬಗ್ಗೆ ಅವರು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ಮಾರನೆಯ ವರ್ಷ ಅವರಿಗೆ ವರ್ಗವಾಯಿತು. "ನಿಮ್ಮ ಕಾಗದದಿಂದ ಅಲ್ಲ" ಎಂದರು ದೊಡ್ಡ ಡಾಕ್ಟರು. ನಂಬಿದೆ. ನಂಬುವುದು ಅನುಕೂಲವಾಗಿತ್ತು.

ಹುಡುಗನಿಗೆ ಎರಡೂವರೆ ವರ್ಷವಾದಾಗ ತಂಗಿ ಅವನ ಬೆನ್ನ ಹಿಂದೆ ಒಂದು ತಟ್ಟೆ ಬೀಳಿಸಿದಳು. ಬೇಕೆಂದೇ. ಅವನು ತಿರುಗಲಿಲ್ಲ. ಬೆಂಗಳೂರಿಗೆ ಕರೆದುಕೊಂಡು ಹೋದೆವು. ಎಡಗಿವಿ ಪೂರಾ ಹೋಗಿದೆ, ಬಲಗಿವಿ ಅರ್ಧ ಕೇಳುತ್ತದೆ ಎಂದರು. ಆ ಇಂಜೆಕ್ಷನ್ನಿನಿಂದ ಆಗಿರಬಹುದು, ಸೋಂಕಿನಿಂದಲೇ ಆಗಿರಬಹುದು, ಹುಟ್ಟಿನಿಂದಲೇ ಇದ್ದಿರಲೂಬಹುದು ಎಂದರು ಅಲ್ಲಿಯ ಕಿವಿ ಡಾಕ್ಟರು. ತಂಗಿ ಕೇಳಿಸಿಕೊಂಡದ್ದು ಮೊದಲನೆಯದನ್ನು ಮಾತ್ರ.

ಲ್ಯಾಬಿನವರು ನಿವೃತ್ತರಾಗಿ ಚಿಕ್ಕನಾಯಕನಹಳ್ಳಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದಾರೆ ಎಂದು ತಿಳಿದು ತಂಗಿ ಹಠ ಹಿಡಿದಳು. ಹುಡುಗನಿಗೆ ಆಗ ನಾಲ್ಕು ತುಂಬಿತ್ತು. ಮೂವರೂ ಹೋದೆವು. ಅವರ ಹೆಂಡತಿ ಮಜ್ಜಿಗೆ ತಂದಿಟ್ಟರು. ತಂಗಿ ಲೋಟ ಮುಟ್ಟಲಿಲ್ಲ.

"ನಿಮ್ಮ ನಂಬರಿಗೆ ನನ್ನ ಮಗನ ಕಿವಿ ಹೋಯ್ತು ಕಣ್ರೀ. ಕೊನೆಗೆ ಬೆಂಗಳೂರಿಂದ ಏನೂ ಇಲ್ಲ ಅಂತ ಬಂತು. ಚೆನ್ನಾಗಿದ್ದ ಕೂಸಿಗೆ ಹತ್ತು ದಿನ ಚುಚ್ಚಿಸಿದ್ರಲ್ಲ, ನಿಮಗೇನು ಸಿಕ್ತು?"

ಅವರು ಹುಡುಗನನ್ನು ನೋಡುತ್ತಿದ್ದರು. "ಚುಚ್ಚಿ ಅಂತ ನಾನು ಹೇಳ್ದೆ ಅಂತ ಯಾರು ಹೇಳಿದ್ರಮ್ಮ?" ಎಂದು ಮೆಲ್ಲಗೆ ಕೇಳಿದರು.

"ಇನ್ಯಾರು, ನಮ್ಮಣ್ಣ ಹೇಳಿದ."

ಆಗ ಒಂದು ಸಲ ನನ್ನ ಕಡೆ ನೋಡಿದರು. ಬೈಗುಳ ಇರಲಿಲ್ಲ ಆ ನೋಟದಲ್ಲಿ, ಕರುಣೆಯೂ ಇರಲಿಲ್ಲ. ನಳಿಗೆಯನ್ನು ಕಿಟಕಿಗೆ ಹಿಡಿದಾಗ ನೋಡುತ್ತಿದ್ದ ರೀತಿ. ನಾನು ಬಾಯಿ ತೆರೆಯಬಹುದಿತ್ತು. ಮಜ್ಜಿಗೆ ಕುಡಿದೆ.

"ಹೌದಮ್ಮ" ಎಂದರು. "ನಂಬರ್ ನಂದೇ."

ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಅವರು ನನ್ನನ್ನು ಉಳಿಸಿದರು ಎಂದು ಬರೆದರೆ ಚಿತ್ರ ಚೆನ್ನಾಗಿ ಮುಗಿಯುತ್ತದೆ. ಆದರೆ ಅವರು ಯಾರನ್ನಾದರೂ ಉಳಿಸಲು ಹಾಗೆಂದರೋ, ತಪ್ಪು ತಮ್ಮದೇ ಎಂದು ನಿಜವಾಗಿಯೂ ನಂಬಿದ್ದರೋ ಹೇಳಲಾರೆ. ತಂಗಿ ಮಗನ ಕೈ ಹಿಡಿದು ಮುಂದೆ ನಡೆದಳು. ನಾನು ಹಿಂದೆ ಉಳಿದೆ. ಅವರು ಗೇಟಿನ ತನಕ ಬಂದರು.

"ಆವತ್ತು ಗಾಳಿಗುಳ್ಳೆ ಇತ್ತು ಅಂದಿದ್ನಲ್ಲ?"

"ಹೂಂ ಸಾರ್."

"ನಿನಗೆ ಕಾಣಿಸ್ತಾ?"

"ಇಲ್ಲ."

"ನನಗೆ ಕಾಣಿಸಿತ್ತು. ಈಗ ಆಣೆ ಮಾಡು ಅಂದ್ರೆ ಮಾಡಲಾರೆ ಕಣಪ್ಪ" ಎಂದು ಗೇಟು ಹಾಕಿಕೊಂಡರು. ಮತ್ತೆ ನಾನು ಅವರನ್ನು ನೋಡಲಿಲ್ಲ.

ಕ್ರಾಸಿನಿಂದ ಆ ದಿನ ನೇರವಾಗಿ ತಂಗಿಯ ಮನೆಗೆ ಹೋದೆ. ಅವಳು ಒಳಗೆ ರಾಗಿ ಕೇರುತ್ತಿದ್ದಳು. "ಲ್ಯಾಬಿನವರು ಹೋದ್ರಂತೆ" ಎಂದೆ. ಮೊರ ನಿಂತಿತು. "ಬೇಕಾದಷ್ಟು ಶಾಪ ಹಾಕಿದ್ದೆ" ಎಂದಳು. "ತಟ್ಟೋಕೆ ಇಷ್ಟು ವರ್ಷ ಬೇಕಾಯ್ತು." ಮೊರ ಮತ್ತೆ ಆಡಿತು, ಮೊದಲಿಗಿಂತ ನಿಧಾನವಾಗಿ.

ಹುಡುಗ ಜಗಲಿಯಲ್ಲಿ ಭೂಪಟ ಬರೆಯುತ್ತಾ ಕೂತಿದ್ದ. ಅವನಿಗೀಗ ಹನ್ನೊಂದು. ಬಾಗಿಲಿನಿಂದ ಅಮ್ಮನ ಮುಖ ನೋಡಿ ಯಾರೋ ತೀರಿಕೊಂಡಿದ್ದಾರೆಂದು ಅವನಿಗೆ ತಿಳಿದಿತ್ತು. ನಾನು ಪಕ್ಕಕ್ಕೆ ಹೋಗಿ ಕೂತೆ.

"ಯಾರು ಮಾವ ಸತ್ತಿದ್ದು?"

ಈ ಮನೆಯಲ್ಲಿ ಇಷ್ಟು ವರ್ಷ ಹೇಳಿಕೊಂಡು ಬಂದ ಹಾಗೆಯೇ ಹೇಳಿದೆ. ನೀನು ಕೂಸಾಗಿದ್ದಾಗ ಒಬ್ಬರು ನಿನ್ನ ರಕ್ತ ನೋಡಿದರು. ಒಂದು ಅಂಕಿ ಹೊಡೆದು ಹಾಕಿ, ಇನ್ನೊಂದನ್ನು ಇಟ್ಟುಕೊಂಡರು. ನಿನಗೆ ಇಂಜೆಕ್ಷನ್ ಹಾಕಿಸಿದರು.

ಅವನು ಪೆನ್ಸಿಲ್ ಕೆಳಗಿಟ್ಟ. ನಾನು ಅವನ ಎಡಗಡೆ ಕೂತಿದ್ದೆ. ಎದ್ದು ನನ್ನನ್ನು ದಾಟಿ ಬಂದು, ಬಲಗಿವಿ ನನ್ನ ಕಡೆಗಾಗುವಂತೆ ಕೂತ.

"ಸರಿಯಾಗಿ ಕೇಳಿಸ್ಲಿಲ್ಲ ಮಾವ. ಇನ್ನೊಂದ್ಸಲ ಹೇಳು."

ನಿಜವಾಗಿಯೂ ಕೇಳಿಸಿರಲಿಲ್ಲವೋ, ಕೇಳಿಸಿದ್ದು ಸಾಲದೆ ಕೇಳಿದನೋ ತಿಳಿಯಲಿಲ್ಲ. ಒಳಗೆ ಮೊರದ ಸದ್ದು ನಿಂತಿತ್ತು. ನಾನು ಮೊದಲಿನಿಂದ ಶುರು ಮಾಡಿದೆ. ಡಾಕ್ಟರ ಕೋಣೆಯ ತನಕ ಬಂದಾಗ, ಒಳಗಿದ್ದವಳಿಗೂ ಕೇಳುವಷ್ಟು ಗಟ್ಟಿಯಾಗಿ, "ಹಾಕಿ ಅಂತ ಹೇಳಿದವನು ನಾನು" ಎಂದೆ.